ದುಡ್ಡು ಕಟ್ಟುವ ಮೊದಲು ಒಂದು ಕನ್ನಡ ಪುಟ

ಇ-ರೀಡರನ್ನು (ಡಿಜಿಟಲ್ ಪುಸ್ತಕ ಓದುವ ಸಾಧನವನ್ನು) ನಾನೇ ಕೂತು ಜೋಡಿಸಬೇಕು ಎಂಬ ಆಸೆ ಹುಟ್ಟಿದ್ದು ಜೋಯಿ ಕ್ಯಾಸ್ಟಿಲೊ ಅವರ ‘ಓಪನ್ ಬುಕ್’ ಎಂಬ ಇ-ರೀಡರಿನ ಸರ್ಕ್ಯೂಟ್ ಬೋರ್ಡನ್ನು ಕಂಡ ಮೇಲೆ. ಯಾವ ಬಿಡಿಭಾಗ ಏನು ಕೆಲಸ ಮಾಡುತ್ತದೆ ಎಂಬ ವಿವರಣೆಯನ್ನು ಅವರು ಬೋರ್ಡಿನ ಮೇಲೆಯೇ ಅಚ್ಚು ಹಾಕಿಸಿದ್ದಾರೆ. ಸರ್ಕ್ಯೂಟ್ ನಕ್ಷೆ, ಫರ್ಮ್‌ವೇರ್ (ಸಾಧನದೊಳಗೆ ಓಡುವ ತಂತ್ರಾಂಶ) ಎರಡೂ ಮುಕ್ತ; ಯಾರು ಬೇಕಾದರೂ ನೋಡಿ ಬಳಸಬಹುದು. ಅದೇ ಜಾಡಿನ ಒಂದು ಕಿಟ್ ಮುಂಗಡ ಬುಕಿಂಗ್‌ಗೆ ಬಂದಾಗ ಕೈ ತಡೆಯುವುದು ಕಷ್ಟವಾಯಿತು: 4.2 ಇಂಚಿನ, ಕಾಗದದಂತೆ ಕಾಣುವ ಇ-ಪೇಪರ್ ಪರದೆ, 400×300 ಪಿಕ್ಸೆಲ್, ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಎಸ್‌ಡಿ ಕಾರ್ಡು, ಎರಡು ಎಎಎ ಸೆಲ್ಲು.

ಮುಂಗಡ ಕಟ್ಟುವುದೆಂದರೆ ಇನ್ನೂ ತಯಾರಾಗದ ವಸ್ತುವಿಗೆ ಬಂಡವಾಳ ಹಾಕುವುದು. 2021–22ರ ಚಿಪ್ ಕೊರತೆಯಲ್ಲಿ ಇಂಥ ಸಣ್ಣ ಯೋಜನೆಗಳು ಎಷ್ಟು ತಡವಾದವು ಎಂಬುದು ಈ ಹವ್ಯಾಸದವರಿಗೆಲ್ಲ ನೆನಪಿದೆ. ಹೊರದೇಶದ ಪಾರ್ಸೆಲ್ಲಾದರೆ ಕಸ್ಟಮ್ಸ್ ಸುಂಕ, ಐಜಿಎಸ್‌ಟಿ, ಕೊರಿಯರ್‌ನವರ ಶುಲ್ಕ ಎಲ್ಲ ಸೇರಿಸಿಯೇ ಬೆಲೆ ಲೆಕ್ಕ ಹಾಕಬೇಕು. ಲಿಥಿಯಂ ಬ್ಯಾಟರಿ ಇಲ್ಲದ್ದರಿಂದ ವಿಮಾನ ಸಾಗಣೆಯ ತಕರಾರು ಇರಲಿಲ್ಲ. ಪರದೆಯ ರಿಬ್ಬನ್ ಕೂರುವ 24 ಪಿನ್ನಿನ ಕನೆಕ್ಟರನ್ನು ಕಿಟ್ ಮಾರುವವರೇ ಬೆಸುಗೆ ಹಾಕಿ ಕಳಿಸುತ್ತಾರೋ ಎಂದು ಕೇಳಿ ಖಚಿತ ಮಾಡಿಕೊಂಡೆ. ಅರ್ಧ ಮಿಲಿಮೀಟರ್ ಅಂತರದ ಆ ಪಿನ್ನುಗಳನ್ನು ಮನೆಯ ಸಾದಾ ಸೋಲ್ಡರಿಂಗ್ ಐರನ್ನಿನಲ್ಲಿ ಮಾಡಲು ಹೋಗುವುದು ಬೇಡ.

ಇಷ್ಟಾದರೂ ಮುಖ್ಯ ಪ್ರಶ್ನೆ ಹಾಗೇ ಉಳಿದಿತ್ತು. ಇದರಲ್ಲಿ ಕನ್ನಡ ಓದಲು ಬರುತ್ತದೆಯೇ? ‘ಜಗತ್ತಿನ ಎಲ್ಲ ಲಿಪಿಗಳ ಬೆಂಬಲ’ ಎಂದು ಬರೆದಿದ್ದರು. ಅದನ್ನು ನಂಬಿ ದುಡ್ಡು ಕಟ್ಟುವ ಅಗತ್ಯವಿರಲಿಲ್ಲ, ಏಕೆಂದರೆ ವಿನ್ಯಾಸ ಮುಕ್ತವಾಗಿತ್ತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಪಿಕೊ ತಂದೆ, ಅದೇ ಅಳತೆಯ ಪರದೆಯನ್ನು ಆನ್‌ಲೈನ್‌ನಲ್ಲಿ ತರಿಸಿದೆ, ಜಂಪರ್ ವೈರುಗಳಲ್ಲಿ ಜೋಡಿಸಿ ಅವರ ಫರ್ಮ್‌ವೇರ್‌ನ ಅಕ್ಷರ ಮೂಡಿಸುವ ಭಾಗವನ್ನಷ್ಟೇ ಓಡಿಸಿದೆ.

‘ಶಾಸ್ತ್ರ’ ಎಂಬ ಪದ ಬಿಡಿಬಿಡಿಯಾಗಿ ಬಂತು. ಸ, ಹಲಂತ, ತ, ಹಲಂತ, ರ ಎಲ್ಲ ಒಂದರ ಪಕ್ಕ ಒಂದು. ‘ಸೂರ್ಯ’ದಲ್ಲಿ ಅರ್ಕಾವತ್ತೇ ಇಲ್ಲ. ‘ಕಿ’ಯ ಗುಡಿಸು ಕೂಡ ಬೇರೆ ನಿಂತಿತ್ತು. ಕಾರಣ ಸರಳ. ಆ ಫರ್ಮ್‌ವೇರ್ ಬಳಸುವುದು ಗ್ನೂ ಯೂನಿಫಾಂಟನ್ನು. ಅದರಲ್ಲಿ ಪ್ರತಿ ಯೂನಿಕೋಡ್ ಸಂಕೇತಕ್ಕೂ (ಅಕ್ಷರಕ್ಕೆ ಕೊಟ್ಟ ಸಂಖ್ಯೆಗೂ) ಒಂದೊಂದು ಚುಕ್ಕಿಚಿತ್ರವಿದೆ. ಇಂಗ್ಲಿಷ್, ರಷ್ಯನ್, ಚೀನಿ ಭಾಷೆಗೆ ಅಷ್ಟು ಸಾಕು. ಕನ್ನಡದಲ್ಲಿ ಸಂಕೇತಗಳ ಸಾಲನ್ನು ನೋಡಿ ಒತ್ತು ಯಾವುದು, ಅದು ಎಲ್ಲಿ ಕೂರಬೇಕು ಎಂದು ತೀರ್ಮಾನಿಸುವ ಇನ್ನೊಂದು ತಂತ್ರಾಂಶ ಬೇಕು. ಆಂಡ್ರಾಯ್ಡ್ ಫೋನಿನಲ್ಲೂ ಫೈರ್‌ಫಾಕ್ಸ್‌ನಲ್ಲೂ ಹಾರ್ಫ್‌ಬಜ್ ಆ ಕೆಲಸ ಮಾಡುತ್ತದೆ. 264 ಕಿಲೊಬೈಟ್ ರ‍್ಯಾಮಿನ ಪಿಕೊದೊಳಗೆ ಅದನ್ನೂ ಫಾಂಟನ್ನೂ ಕೂರಿಸಿ ಪುಸ್ತಕ ಓದಿಸುವುದು ನನ್ನ ಶಕ್ತಿಗೆ ಮೀರಿದ್ದು.

ಬೇಸರವಾಯಿತು, ಆದರೆ ಅಲ್ಲಿಗೇ ಬಿಡಲಾಗಲಿಲ್ಲ. ಅಕ್ಷರ ಕೂಡಿಸುವ ಕೆಲಸವನ್ನು ಕಂಪ್ಯೂಟರಿನಲ್ಲೇ ಮುಗಿಸಿ, ಪುಟಗಳನ್ನು ಚಿತ್ರಗಳಾಗಿ ಕಾರ್ಡಿಗೆ ಹಾಕಿದರೆ? ಕಪ್ಪು-ಬಿಳುಪಿನ 400×300 ಚಿತ್ರವೆಂದರೆ 15,000 ಬೈಟ್ ಅಷ್ಟೆ. ಪಿಕೊ ಅದನ್ನು ಓದಿ ಪರದೆಗೆ ದಾಟಿಸಿದರಾಯಿತು. ಪೈಥಾನಿನ ಪಿಲ್ಲೊ ಲೈಬ್ರರಿಯಲ್ಲಿ ಪುಟ ತಯಾರಿಸಿದೆ. ನೀವೂ ಮಾಡುವುದಾದರೆ ಅದರ ಜೊತೆ ಒತ್ತು ಕೂಡಿಸುವ ರಾಕ್ಮ್ ಲೈಬ್ರರಿ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಅಲ್ಲೂ ಒತ್ತುಗಳು ಚದುರುತ್ತವೆ. ಪಠ್ಯಕ್ಕೆ ಕನ್ನಡ ವಿಕಿಸೋರ್ಸ್‌ನ ಇ-ಪಬ್ (ಇ-ಪುಸ್ತಕದ ಕಡತ) ಒಳ್ಳೆಯದು. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಕಡತಗಳಾದರೆ ಮೊದಲು ಯೂನಿಕೋಡಿಗೆ ಬದಲಿಸಬೇಕು.

ಪರದೆಯ ಮೇಲೆ ಮೊದಲ ಸರಿಯಾದ ಕನ್ನಡ ಪುಟ ಮೂಡಿದಾಗ ಆದ ಸಂತೋಷ ದೊಡ್ಡದು. ಆದರೆ ಓದುತ್ತ ಹೋದಂತೆ ಇನ್ನೊಂದು ಮಿತಿ ಕಂಡಿತು. ಈ ಪರದೆಯಲ್ಲಿ ಇಂಚಿಗೆ ಸುಮಾರು 119 ಪಿಕ್ಸೆಲ್. ಅಂಗಡಿಯಲ್ಲಿ ಸಿಗುವ ಕಿಂಡಲ್ ಪೇಪರ್‌ವೈಟ್‌ನಲ್ಲಿ 300. ಅಕ್ಷರ ಚಿಕ್ಕದು ಮಾಡಿದರೆ ಮಹಾಪ್ರಾಣದ ಸೀಳು ಮಾಯವಾಗಿ ‘ಧ’ ಹೋಗಿ ‘ದ’ ಆಗುತ್ತದೆ, ‘ಭ’ ಹೋಗಿ ‘ಬ’. ನೋಟೊ ಸಾನ್ಸ್ ಕನ್ನಡ ಫಾಂಟಿನ ಸ್ವಲ್ಪ ದಪ್ಪ ರೂಪ, 24 ಪಿಕ್ಸೆಲ್ ಗಾತ್ರ, ಒತ್ತಿಗೆ ಜಾಗ ಬಿಟ್ಟು ಸಾಲಿಗೆ 36 ಪಿಕ್ಸೆಲ್: ಇದಕ್ಕಿಂತ ಕೆಳಗೆ ಇಳಿಯಲು ನನಗೆ ಮನಸ್ಸಾಗಲಿಲ್ಲ. ಪರದೆಯನ್ನು ಉದ್ದುದ್ದ ಹಿಡಿದರೂ ಪುಟಕ್ಕೆ ಹನ್ನೊಂದು ಸಾಲು, ಸಾಲಿಗೆ ಎರಡು-ಮೂರು ಪದ. ಐವತ್ತು ಸಾವಿರ ಪದಗಳ ಕಾದಂಬರಿ ಸಾವಿರದ ಐನೂರು ಪುಟ ದಾಟುತ್ತದೆ. ಪುಟ ತಿರುವಿದಾಗಲೆಲ್ಲ ಪರದೆ ಮಿನುಗಿ ಹೊಸದು ಮೂಡಲು ಕೆಲವು ಸೆಕೆಂಡು ಬೇಕು. ಕತೆಯೊಳಗೆ ಇಳಿಯುವ ಮೊದಲೇ ಬೆರಳು ಮತ್ತೆ ಗುಂಡಿಯ ಮೇಲಿರುತ್ತದೆ.

ವಚನಗಳನ್ನು ಹಾಕಿ ನೋಡಿದಾಗ ಮಾತ್ರ ಲೆಕ್ಕ ಬದಲಾಯಿತು. ಚಿಕ್ಕ ಸಾಲು, ಒಂದೆರಡು ಪುಟದಲ್ಲಿ ಪೂರ್ತಿ ವಚನ. ಓದಿ, ಯೋಚಿಸಿ, ಆಮೇಲೆ ತಿರುವುವ ಬರಹ ಅದು. ಪರದೆಯ ನಿಧಾನ ಅಲ್ಲಿ ಅಡ್ಡ ಬರಲಿಲ್ಲ. ವಿದ್ಯುತ್ತಿಲ್ಲದೆಯೂ ಇ-ಪೇಪರಿನ ಮೇಲೆ ಚಿತ್ರ ಉಳಿಯುವುದರಿಂದ ದಿನವಿಡೀ ಒಂದೇ ವಚನವನ್ನು ಮೇಜಿನ ಮೇಲೆ ಇಟ್ಟುಕೊಳ್ಳಬಹುದು.

ಹಾಗಾಗಿ ಒಂದು ಕಿಟ್‌ಗೆ ಮುಂಗಡ ಕಟ್ಟಿದೆ, ವಚನ ಮತ್ತು ಕವಿತೆಗೆಂದು. ಕಂಪನಿ ನಾಳೆ ಕೈ ಎತ್ತಿದರೂ ನಕ್ಷೆ ನನ್ನ ಬಳಿ ಇದೆ, ನನಗೆ ಬೇಕಾದ ತಂತ್ರಾಂಶ ಆಗಲೇ ಓಡುತ್ತಿದೆ. ಈ ಎರಡು ಇಲ್ಲದಿದ್ದರೆ ಕಟ್ಟುತ್ತಿರಲಿಲ್ಲ.

ನಿವೃತ್ತ ಮೇಷ್ಟರಾದ ನನ್ನ ಸೋದರಮಾವ ಇದನ್ನು ಕೇಳಿ, “ನಂಗೂ ಒಂದು ಬುಕ್ ಮಾಡಮ್ಮ, ಕಾದಂಬರಿ ಓದ್ಬೇಕು” ಅಂದರು. “ಬೇಡ ಮಾವ, ಇದರಲ್ಲಿ ಲೈಟೂ ಇಲ್ಲ, ಪುಟ ತಿರುವಿ ತಿರುವಿ ಕೈ ನೋಯುತ್ತೆ. ನಿಮಗೆ ದೊಡ್ಡ ಪರದೆಯದ್ದೇ ನೋಡೋಣ” ಅಂದೆ. ಯಾವುದನ್ನು ಕೊಂಡರೂ ಕನ್ನಡದ ಒಂದು ಇ-ಪಬ್ ಹಾಕಿ, ‘ಶಾಸ್ತ್ರ’, ‘ಸೂರ್ಯ’, ‘ಧರ್ಮ’ ಸರಿಯಾಗಿ ಮೂಡುತ್ತವೆಯೇ ನೋಡಿದ ಮೇಲೆಯೇ ದುಡ್ಡು ಕೊಡೋಣ ಎಂದು ಇಬ್ಬರೂ ಒಪ್ಪಿದ್ದೇವೆ.