ಬೆಂಗಳೂರಿನಿಂದ ಲಂಡನ್: ದೂರವನ್ನೂ ಸಮಯವನ್ನೂ ನಾನು ಲೆಕ್ಕ ಹಾಕುವ ಬಗೆ

ಚಿಕ್ಕಬಳ್ಳಾಪುರದಲ್ಲಿ ಟಿಕೆಟ್ ಮಾಡಿಸಲು ಬರುವವರಿಗೆ ದೂರ ಎಷ್ಟೆಂದು ಒಂದೇ ಮಾತಿನಲ್ಲಿ ಹೇಳಬಹುದು. ಸಮಯ ಹಾಗಲ್ಲ.

ದೂರಕ್ಕೆ ಸೈಂಟಿಫಿಕ್ ಕ್ಯಾಲ್ಕುಲೇಟರ್ ಸಾಕು, ಡಿಗ್ರಿ ಮೋಡ್‌ನಲ್ಲಿರಬೇಕು ಅಷ್ಟೆ. ದೇವನಹಳ್ಳಿ ವಿಮಾನ ನಿಲ್ದಾಣ 13.20 ಉತ್ತರ, 77.71 ಪೂರ್ವ, ಲಂಡನ್‌ನ ಹೀಥ್ರೂ ನಿಲ್ದಾಣ 51.47 ಉತ್ತರ, 0.45 ಪಶ್ಚಿಮ. ಎರಡು ಅಕ್ಷಾಂಶಗಳ ಸೈನ್ ಗುಣಿಸಿ ಇಟ್ಟುಕೊಳ್ಳುತ್ತೇನೆ. ಅವುಗಳ ಕೊಸೈನ್ ಗುಣಿಸಿ, ಅದನ್ನು ರೇಖಾಂಶಗಳ ಅಂತರದ ಕೊಸೈನ್‌ನಿಂದ ಮತ್ತೆ ಗುಣಿಸಿ, ಮೊದಲಿನದಕ್ಕೆ ಕೂಡಿಸುತ್ತೇನೆ. 0.303 ಬರುತ್ತದೆ. ಅದರ ವಿಲೋಮ ಕೊಸೈನ್ (ಕ್ಯಾಲ್ಕುಲೇಟರ್‌ನ cos⁻¹) 72.36 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ.ನಂತೆ ಸುಮಾರು 8,046 ಕಿ.ಮೀ.

ಎಡವುವುದು ಪೂರ್ವ–ಪಶ್ಚಿಮದಲ್ಲಿ. ಒಂದು ಪೂರ್ವ, ಇನ್ನೊಂದು ಪಶ್ಚಿಮವಾದರೆ ರೇಖಾಂಶಗಳನ್ನು ಕೂಡಿಸಬೇಕು, ಕಳೆಯಬಾರದು. ಲಂಡನ್‌ಗೆ ಕಳೆದರೂ ಹೆಚ್ಚು ವ್ಯತ್ಯಾಸ ಕಾಣದು. ಸ್ಯಾನ್ ಫ್ರಾನ್ಸಿಸ್ಕೋಗೆ (37.62 ಉತ್ತರ, 122.38 ಪಶ್ಚಿಮ) ಕಳೆದು ನೋಡಿ: ಸುಮಾರು 14 ಸಾವಿರ ಬರಬೇಕಾದಲ್ಲಿ 5 ಸಾವಿರದ ಚಿಲ್ಲರೆ ಬರುತ್ತದೆ!

ಇನ್ನು ಸಮಯ. ದೊಡ್ಡ ವಿಮಾನಗಳ ವೇಗ ಗಂಟೆಗೆ ಸುಮಾರು 900 ಕಿ.ಮೀ. ಆದರೆ ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ಹಾಗಾಗಿ ಹೋಗುವಾಗ 850, ಬರುವಾಗ 950 ಹಿಡಿಯುತ್ತೇನೆ: ಎಂಟೂವರೆ ಗಂಟೆಯಲ್ಲಿ ಬರುವ ದಾರಿಗೆ ಹೋಗುವಾಗ ಒಂಬತ್ತೂವರೆ. ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದಕ್ಕೆ 40 ನಿಮಿಷ. ಸುತ್ತು ದಾರಿಗೆ ಅರ್ಧ ಗಂಟೆ, ಏಕೆಂದರೆ ನೇರ ರೇಖೆ ಕರಾಚಿ ಪಕ್ಕದಲ್ಲೇ ಹೋಗುತ್ತದೆ. ಭಾರತದ ಕಂಪನಿಗಳ ವಿಮಾನಗಳಿಗೆ ಪಾಕಿಸ್ತಾನ ತನ್ನ ಆಕಾಶವನ್ನು 2025ರ ಏಪ್ರಿಲ್‌ನಲ್ಲಿ ಮುಚ್ಚಿತು. ಒಟ್ಟಿನಲ್ಲಿ ಹೋಗಲು 10 ಗಂಟೆ 40 ನಿಮಿಷ, ಬರಲು 9 ಗಂಟೆ 40 ನಿಮಿಷದ ಆಸುಪಾಸು.

ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರ. ಬೆಳಿಗ್ಗೆ 7ಕ್ಕೆ ಹೊರಟು 12.10ಕ್ಕೆ ಇಳಿದರೆ ಐದೇ ಗಂಟೆ ಅಂದುಕೊಳ್ಳಬೇಡಿ, ಅದಕ್ಕೆ ಐದೂವರೆ ಸೇರಿಸಿ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಲಂಡನ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವುದರಿಂದ ನಾಲ್ಕೂವರೆ.

ದುಬೈ ಮೇಲೆ ಹೋದರೆ ದೂರ ಹೆಚ್ಚುವುದು 150 ಕಿ.ಮೀ. ಅಷ್ಟೇ. ಸಮಯ ತಿನ್ನುವುದು ಅಲ್ಲಿನ ಕಾಯುವಿಕೆ. ಒಂದೂವರೆ ಗಂಟೆಗಿಂತ ಕಡಿಮೆ ಬಿಡುವಿರುವ ಟಿಕೆಟ್ ನಾನಂತೂ ಹಿರಿಯರಿಗೆ ಮಾಡಿಸುವುದಿಲ್ಲ.

ನೆಲದ ಲೆಕ್ಕವೂ ಇದೆ. ವಿಮಾನ ಹೊರಡುವ ಮೂರು ಗಂಟೆ ಮೊದಲೇ ಟರ್ಮಿನಲ್‌ನಲ್ಲಿರಬೇಕು. ನಮ್ಮೂರಿನಿಂದ ಕಾರಿನಲ್ಲಿ ಮುಕ್ಕಾಲು ಗಂಟೆ ಸಾಕು. ತುಮಕೂರಿನವರು ಹೆಬ್ಬಾಳದ ಟ್ರಾಫಿಕ್‌ಗೆ ಸಿಕ್ಕದೆ ಡಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಬರಲಿ. ಕೋಲಾರದವರಿಗೆ ವೇಮಗಲ್, ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ದಾರಿ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವದ ವಿಮಾನವಿದ್ದರೆ ಮಂಜಿಗೆಂದು ಇನ್ನೂ ಅರ್ಧ ಗಂಟೆ ಕೈಯಲ್ಲಿಟ್ಟುಕೊಂಡು ಹೊರಡಿ.