ಕುರ್ಚಿ ಮೇಲಿನ ಬಟ್ಟೆ ಗುಡ್ಡ

ನಮ್ಮ ಮನೆಯಲ್ಲಿ ಐದು ಜನ. ನಾನು, ಹೆಂಡತಿ, ಇಬ್ಬರು ಮಕ್ಕಳು, ಅಮ್ಮ. ಎರಡು ವರ್ಷದ ಹಿಂದೆ ಹೆಂಡತಿಯ ಕೆಲಸದ ಪಾಳಿ ಬದಲಾಯಿತು. ಮನೆಕೆಲಸವನ್ನು ಹೊಸದಾಗಿ ಹಂಚಿಕೊಂಡೆವು. ಬಟ್ಟೆ ಪೂರ್ತಿ ನನ್ನ ಪಾಲಿಗೆ ಬಂತು. ಸುಲಭದ ಕೆಲಸ ಸಿಕ್ಕಿತು ಅಂತ ನಾನು ಒಳಗೊಳಗೇ ಖುಷಿಪಟ್ಟೆ. ಒಗೆಯೋದು ಮಷೀನು, ನಾನು ಗುಂಡಿ ಒತ್ತೋದಷ್ಟೇ, ಅಲ್ವಾ?

ಎರಡೇ ತಿಂಗಳಲ್ಲಿ ನಮ್ಮ ಮಲಗುವ ಕೋಣೆಯ ಕುರ್ಚಿ ಕಾಣದಂತಾಯಿತು. ಅದರ ಮೇಲೆ ಒಗೆದ ಬಟ್ಟೆಯ ಗುಡ್ಡ. ಒಣಗಿದ್ದನ್ನು ತಂದು ಅಲ್ಲಿ ಸುರಿಯುವುದು, ಬೆಳಗ್ಗೆ ಎದ್ದು ಎಲ್ಲರೂ ಅದರಲ್ಲೇ ಕೈಹಾಕಿ ಹುಡುಕುವುದು. ಹುಡುಕುವಾಗ ಕೆಳಗೆ ಬಿದ್ದದ್ದು ಒಗೆದದ್ದೋ ಒಗೆಯಬೇಕಾದದ್ದೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಸುಮ್ನೆ ಮತ್ತೆ ಮಷೀನಿಗೆ. ಒಂದೇ ಟೀ ಶರ್ಟನ್ನು ಹಾಕಿಕೊಳ್ಳದೆಯೇ ಮೂರು ಸಲ ಒಗೆದಿದ್ದೇನೆ.

ಒಂದು ಭಾನುವಾರ ಸಂಜೆ ಅಮ್ಮ ಕೇಳಿದರು. "ಬಟ್ಟೆ ಎಲ್ಲಾ ಆಯ್ತು ಅಂತೀಯಲ್ಲೋ, ಮತ್ತೆ ಕುರ್ಚಿ ಮೇಲಿರೋದೇನು?"

"ಅದು ಒಗೆದಿರೋದು ಅಮ್ಮ."

"ಒಗೆದದ್ದು ಬೀರುವಿಗೆ ಹೋಗಬೇಕಲ್ಲಪ್ಪ."

ಅಷ್ಟೇ ಹೇಳಿ ಅವರು ಟಿವಿ ಕಡೆ ತಿರುಗಿದರು. ನನಗೆ ಸಿಟ್ಟು ಬಂತು, ನಿಜ. ಬೆಳಗಿನಿಂದ ನಾಲ್ಕು ಸಲ ಮಷೀನ್ ಹಾಕಿದ್ದೆ. ಆದರೆ ರಾತ್ರಿ ಮಲಗಿದಾಗ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ನಾನು ಒಗೆಯುವುದನ್ನಷ್ಟೇ ಕೆಲಸ ಅಂತ ಲೆಕ್ಕ ಹಿಡಿದಿದ್ದೆ.

ಮರುವಾರ ಗಡಿಯಾರ ನೋಡಿಕೊಂಡು ಕೆಲಸ ಮಾಡಿದೆ. ಒಂದು ಸಲದ ಬಟ್ಟೆಗೆ ಮಷೀನಿನೊಳಗೆ ಒಂದು ಗಂಟೆ, ಅದರಲ್ಲಿ ನನ್ನ ಪಾಲು ಮೂರು ನಿಮಿಷ. ಒಣಗಹಾಕಲು ಹನ್ನೆರಡು ನಿಮಿಷ. ತೆಗೆದು ಮಡಚಲು ಇಪ್ಪತ್ತು. ಅವರವರ ಬೀರುವಿನಲ್ಲಿಡಲು ಹತ್ತು. ಅಂದರೆ ನನ್ನ ಕೆಲಸವೆಲ್ಲ ಇದ್ದದ್ದು ಮಷೀನ್ ನಿಂತ ಮೇಲೆ. ಅದಕ್ಕಿಂತ ದೊಡ್ಡ ಸಂಗತಿ ಹಗ್ಗದ ಹತ್ತಿರ ತಿಳಿಯಿತು. ನಮ್ಮಲ್ಲಿ ಬಟ್ಟೆ ಒಣಗಿಸಲು ಇರುವುದು ನಾಲ್ಕು ಸಾಲು ಹಗ್ಗ, ಒಂದೊಂದೂ ಸುಮಾರು ಎರಡು ಮೀಟರ್. ಒಟ್ಟು ಎಂಟು ಮೀಟರ್. ಒಂದು ಮಷೀನ್ ಬಟ್ಟೆಯನ್ನು ಒಂದರ ಮೇಲೊಂದು ಬೀಳದಂತೆ ಹರಡಿದರೆ ಏಳೂವರೆ ಮೀಟರ್ ಬೇಕು. ನಾನು ಭಾನುವಾರ ನಾಲ್ಕು ಸಲ ಒಗೆಯುತ್ತಿದ್ದೆ!

ಎರಡನೇ ಸಲದ ಬಟ್ಟೆ ಮೊದಲನೆಯದರ ಮೇಲೆ ಬೀಳುತ್ತಿತ್ತು. ಮೂರನೆಯದು ಬಾಗಿಲ ಮೇಲೆ, ಕಿಟಕಿಯ ಸರಳಿನ ಮೇಲೆ. ನಾಲ್ಕನೆಯದು ಜಾಗ ಸಿಗದೆ ರಾತ್ರಿಯವರೆಗೆ ಮಷೀನಿನೊಳಗೇ ಹಸಿಯಾಗಿ ಕೂತಿರುತ್ತಿತ್ತು. ಅದಕ್ಕೆ ಮುಗ್ಗಲು ವಾಸನೆ ಹಿಡಿಯುತ್ತಿತ್ತು. ವಾಸನೆ ಬಂದದ್ದನ್ನು ಮತ್ತೆ ಒಗೆಯುವುದು. ಹೀಗೆ ನಾನೇ ನನಗೆ ಕೆಲಸ ಹುಟ್ಟಿಸಿಕೊಳ್ಳುತ್ತಿದ್ದೆ.

ಆ ವಾಸನೆಯ ಬಗ್ಗೆ ಒಂದು ಮಾತು. ನಾನು ಅದನ್ನು ಸೋಪಿನ ಪುಡಿ ಕಡಿಮೆಯಾದದ್ದಕ್ಕೆ ಬರುವುದು ಅಂದುಕೊಂಡು ಇನ್ನೂ ಒಂದು ಚಮಚ ಜಾಸ್ತಿ ಹಾಕುತ್ತಿದ್ದೆ. ಅಲ್ಲ, ಅದು ಬ್ಯಾಕ್ಟೀರಿಯಾದ ಕೆಲಸ. 2012ರಲ್ಲಿ ಜಪಾನಿನ ಸಂಶೋಧಕರು ಮೊರಾಕ್ಸೆಲ್ಲಾ ಆಸ್ಲೊಯೆನ್ಸಿಸ್ ಅನ್ನುವ ಒಂದು ಜಾತಿ ಈ ವಾಸನೆಗೆ ಮುಖ್ಯ ಕಾರಣ ಅಂತ ತೋರಿಸಿದರು. ಒಗೆದ ಮೇಲೂ ಬಟ್ಟೆಯಲ್ಲಿ ಉಳಿದ ಬೆವರಿನ ಅಂಶವೇ ಅದಕ್ಕೆ ಊಟ. ಬಟ್ಟೆ ಎಷ್ಟು ಹೊತ್ತು ಒದ್ದೆ ಇರುತ್ತದೋ ಅಷ್ಟು ಹೊತ್ತು ಅದು ಬೆಳೆಯುತ್ತದೆ. ಬೇಗ ಒಣಗಿಸುವುದೇ ಮದ್ದು.

ಆಮೇಲೆ ಭಾನುವಾರದ ದೊಡ್ಡ ಒಗೆತವನ್ನು ಬಿಟ್ಟುಬಿಟ್ಟೆ. ದಿನಕ್ಕೆ ಒಂದೇ ಸಲ ಮಷೀನ್. ಹಗ್ಗ ಖಾಲಿ ಇಲ್ಲದಿದ್ದರೆ ಆ ದಿನ ಇಲ್ಲ. ಇದೊಂದೇ ನಿಯಮವನ್ನು ನಾನು ಗಟ್ಟಿಯಾಗಿ ಹಿಡಿದದ್ದು. ರಾತ್ರಿ ಮಲಗುವ ಮುಂಚೆ ಬಟ್ಟೆ ತುಂಬಿ, ಬೆಳಗ್ಗೆ ಆರಕ್ಕೆ ಮುಗಿಯುವಂತೆ ಮಷೀನಿಗೆ ಸಮಯ ಇಡುತ್ತೇನೆ. ನೀರು ತುಂಬುವುದು ಬೆಳಗಿನ ಜಾವ, ಹಾಗಾಗಿ ಬಟ್ಟೆ ರಾತ್ರಿಯೆಲ್ಲ ಒದ್ದೆಯಾಗಿ ಕೂರುವುದಿಲ್ಲ. ಎದ್ದ ತಕ್ಷಣ ಒಣಗಹಾಕುತ್ತೇನೆ. ಸಂಜೆ ಬಂದ ಮೇಲೆ ಹಗ್ಗದ ಹತ್ತಿರವೇ ನಿಂತು, ಒಂದೊಂದೇ ತೆಗೆಯುತ್ತಾ ಅಲ್ಲೇ ಮಡಚಿ ಬುಟ್ಟಿಗೆ ಇಡುತ್ತೇನೆ. ಕುರ್ಚಿಯ ಕಡೆ ತಿರುಗಿಯೂ ನೋಡುವುದಿಲ್ಲ. ಇಪ್ಪತ್ತು ನಿಮಿಷದ ಮಡಚುವ ಕೆಲಸ ಹತ್ತಕ್ಕೆ ಇಳಿಯಿತು. ಯಾಕೆಂದರೆ ಮುದುರಿದ ಗುಡ್ಡದಿಂದ ಎಳೆದು ಕೊಡವಿ ಮಡಚುವುದಕ್ಕೂ, ನೇತಾಡುತ್ತಿರುವುದನ್ನು ನೇರವಾಗಿ ಮಡಚುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಇನ್ನೊಂದು ಬದಲಾವಣೆಗೆ ಹೆಂಡತಿ ಮೊದಲು ಒಪ್ಪಲಿಲ್ಲ. ಎಲ್ಲರೂ ಬಿಳಿ ಬೇರೆ, ಬಣ್ಣದ್ದು ಬೇರೆ ಅಂತ ವಿಂಗಡಿಸುತ್ತಾರೆ. ನಾನು ಮನುಷ್ಯರ ಲೆಕ್ಕದಲ್ಲಿ ವಿಂಗಡಿಸತೊಡಗಿದೆ. ಸೋಮವಾರ ಮಗಳದ್ದು, ಮಂಗಳವಾರ ಮಗನದ್ದು, ಬುಧವಾರ ನಮ್ಮಿಬ್ಬರದ್ದು, ಗುರುವಾರ ಅಮ್ಮನದ್ದು, ಶುಕ್ರವಾರ ಟವೆಲ್ಲು, ಶನಿವಾರ ಹಾಸಿಗೆಯದ್ದು. ಹೀಗೆ ಮಾಡಿದರೆ ಮಡಚಿದ ಬುಟ್ಟಿ ಪೂರ್ತಿ ಒಂದೇ ಬೀರುವಿಗೆ ಹೋಗುತ್ತದೆ. ಇದು ಯಾರ ಬನಿಯನ್, ಇದು ಯಾರ ಸಾಕ್ಸು ಅನ್ನುವ ಪಂಚಾಯ್ತಿಯೇ ಇಲ್ಲ.

"ಬಣ್ಣ ಹತ್ತಿದರೆ?" ಅಂದಳು ಹೆಂಡತಿ. ಹತ್ತಿತು ಕೂಡ. ಮಗನ ಹೊಸ ಕೆಂಪು ಟೀ ಶರ್ಟು ಅವನ ಎರಡು ಬಿಳಿ ಅಂಗಿಗಳನ್ನು ಗುಲಾಬಿ ಮಾಡಿತು. ಒಣಗಲು ಬಿಡದೆ ತಕ್ಷಣ ಮತ್ತೆ ಒಗೆದೆ. ಒಂದು ಉಳಿಯಿತು, ಇನ್ನೊಂದು ನೆಲ ಒರೆಸುವ ಬಟ್ಟೆಯಾಯಿತು. ಈಗ ಹೊಸ ಬಟ್ಟೆ ಬಂದರೆ ಒಳಗಿನ ಅಂಚನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಚೂರಿನಿಂದ ಉಜ್ಜಿ ನೋಡುತ್ತೇನೆ. ಬಣ್ಣ ಬಿಟ್ಟರೆ ಮೊದಲ ಕೆಲವು ಸಲ ಬಕೆಟ್ಟಿನಲ್ಲಿ ಬೇರೆಯಾಗಿ. ಹಲವು ಸಲ ಒಗೆದಾದ ಹಳೆಯ ಬಣ್ಣದ ಬಟ್ಟೆಯಿಂದ ನನಗೆ ಇದುವರೆಗೆ ತೊಂದರೆ ಆಗಿಲ್ಲ. ನಾನು ಒಗೆಯುವುದು ತಣ್ಣೀರಿನಲ್ಲಿ, ಅದೂ ಕಾರಣ ಇರಬಹುದು. ಬಿಸಿ ನೀರಿನಲ್ಲಿ ಬಣ್ಣ ಜಾಸ್ತಿ ಬಿಡುತ್ತದೆ. ಹಾಸಿಗೆಯ ಬಟ್ಟೆಗೆ ಮಾತ್ರ 60 ಡಿಗ್ರಿ ಇಡುತ್ತೇನೆ. ಆ ಬಿಸಿಗೆ ದೂಳಿನ ಹುಳಗಳು ಸಾಯುತ್ತವೆ, ಮಗಳಿಗೆ ಅವುಗಳಿಂದ ಸೀನು ಬರುತ್ತದೆ.

ಸೋಪಿನ ಪುಡಿಯ ವಿಷಯದಲ್ಲಿ ನಾನು ಮಾಡಿದ ತಪ್ಪು ದೊಡ್ಡದು. ನೊರೆ ಬಂದಷ್ಟೂ ಬಟ್ಟೆ ಚೊಕ್ಕಟ ಅನ್ನುವ ನಂಬಿಕೆ ನನ್ನದು. ಟವೆಲ್ಲುಗಳು ಹಪ್ಪಳದ ಹಾಗೆ ಗರಿಗರಿ ಆಗುತ್ತಿದ್ದವು, ಮೈ ಒರೆಸಿದರೆ ನೀರು ಹೀರುತ್ತಿರಲಿಲ್ಲ. ಅದಕ್ಕೆ ಮೆತ್ತಗಾಗಲಿ ಅಂತ ಸಾಫ್ಟ್‌ನರ್ ಹಾಕಿದೆ. ಇನ್ನೂ ಕೆಟ್ಟಿತು. ಸಾಫ್ಟ್‌ನರ್ ಮಾಡುವುದೇ ಎಳೆಗಳ ಮೇಲೆ ತೆಳ್ಳಗೆ ಒಂದು ಪದರ ಹಚ್ಚುವುದು. ಮುಟ್ಟಿದರೆ ಮೆತ್ತಗೆ, ಆದರೆ ನೀರು ಒಳಗೆ ಇಳಿಯುವುದಿಲ್ಲ. ಒಂದು ದಿನ ಒಗೆದು ಒಣಗಿದ್ದ ಟವೆಲ್ಲುಗಳನ್ನೇ ಪುಡಿ ಹಾಕದೆ ಬರೀ ನೀರಿನಲ್ಲಿ ತಿರುಗಿಸಿದೆ. ಮಷೀನಿನ ಗಾಜಿನಲ್ಲಿ ನೊರೆ ಕಂಡಿತು! ಹಿಂದಿನ ಸಲಗಳ ಸೋಪು ಅಲ್ಲೇ ಉಳಿದಿತ್ತು. ಮುಂದೆ ಬಾಗಿಲಿರುವ ಮಷೀನುಗಳಲ್ಲಿ ನೀರು ಕಡಿಮೆ, ಬಟ್ಟೆ ಎತ್ತಿ ಕೆಳಗೆ ಬೀಳಿಸಿಯೇ ಅದು ಒಗೆಯುವುದು. ನೊರೆ ಜಾಸ್ತಿಯಾದರೆ ಬಟ್ಟೆ ದಿಂಬಿನ ಮೇಲೆ ಬಿದ್ದ ಹಾಗೆ ಬೀಳುತ್ತದೆ, ಕೊಳೆ ಬಿಡುವುದಿಲ್ಲ. ಈಗ ಪೊಟ್ಟಣದ ಮೇಲೆ ಬರೆದಷ್ಟೇ ಅಳತೆ, ಕೈಯಂದಾಜು ಇಲ್ಲ. ನೀರು ಗಡಸಾಗಿದ್ದರೆ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಒಂದು ಪಾಲನ್ನು ತಾವೇ ತಿಂದುಹಾಕುತ್ತವೆ. ಟವೆಲ್ಲಿಗೆ ಸಾಫ್ಟ್‌ನರ್ ಪೂರ್ತಿ ಬಂದ್. ಮಷೀನನ್ನು ಬಾಯಿತನಕ ತುಂಬುವುದೂ ಬಂದ್. ಬಟ್ಟೆಯ ಮೇಲೆ ಒಂದು ಅಂಗೈ ಹಿಡಿಸುವಷ್ಟು ಜಾಗ ಬಿಡುತ್ತೇನೆ.

ಕಲೆಗಳ ಬಗ್ಗೆ ಬರೆಯಲು ಹೊರಟರೆ ಮುಗಿಯುವುದಿಲ್ಲ. ನನಗೆ ಕೈಹಿಡಿದ ಎರಡು ಮೂರು ಹೇಳುತ್ತೇನೆ. ಮಗನಿಗೆ ಆಟದಲ್ಲಿ ಮೂಗಿಗೆ ಪೆಟ್ಟಾಗಿ ಅಂಗಿಯೆಲ್ಲ ರಕ್ತವಾಗಿತ್ತು. ನಾನು ಜಾಣತನದಿಂದ ಕುದಿಯುವ ನೀರು ಸುರಿದೆ. ಕಲೆ ಕಂದು ಬಣ್ಣಕ್ಕೆ ತಿರುಗಿ ಅಲ್ಲೇ ಕೂತಿತು. ರಕ್ತ, ಹಾಲು, ಮೊಟ್ಟೆ ಇವೆಲ್ಲ ಪ್ರೋಟೀನು. ಬಿಸಿ ತಗುಲಿದರೆ ಗಟ್ಟಿಯಾಗಿ ಎಳೆಗೆ ಅಂಟಿಕೊಳ್ಳುತ್ತವೆ. ತಣ್ಣೀರಿನಲ್ಲಿ ತಕ್ಷಣ ತೊಳೆದಿದ್ದರೆ ಅರ್ಧ ಕಲೆ ಹರಿದುಹೋಗುತ್ತಿತ್ತು. ಎಣ್ಣೆಯ ಕಲೆಗೆ ನೀರು ತಾಗಿಸುವ ಮುಂಚೆಯೇ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ಬೆರಳಲ್ಲಿ ಉಜ್ಜಿ ಹತ್ತು ನಿಮಿಷ ಬಿಡುತ್ತೇನೆ. ಬಾಲ್‌ಪೆನ್ ಶಾಯಿಗೆ ಕೆಳಗೊಂದು ಹಳೆ ಬಟ್ಟೆ ಇಟ್ಟು ಸ್ಯಾನಿಟೈಜರ್ ಒತ್ತುತ್ತೇನೆ, ಶಾಯಿ ಕೆಳಗಿನ ಬಟ್ಟೆಗೆ ಇಳಿಯುತ್ತದೆ. ಕಾಲರ್ ಕೊಳೆಯನ್ನು ಪುಡಿ ಕಲಸಿದ ನೀರಲ್ಲಿ ಅರ್ಧ ಗಂಟೆ ನೆನೆಹಾಕಿದರೆ ಬ್ರಷ್ಷಿನ ಕೆಲಸ ಕಡಿಮೆ. ಈಗಿನ ಹೆಚ್ಚಿನ ಪುಡಿಗಳಲ್ಲಿ ಪ್ರೋಟೀನಿನಂಥ ಕೊಳೆಯನ್ನು ಕಡಿದುಹಾಕುವ ಕಿಣ್ವಗಳು, ಅಂದರೆ ಎಂಜೈಮುಗಳು ಇರುತ್ತವೆ, ಅವುಗಳಿಗೆ ಬೇಕಾದದ್ದು ಸಮಯ. ಆದರೆ ರೇಷ್ಮೆ, ಉಣ್ಣೆಗೆ ಅಂಥ ಪುಡಿ ಬೇಡ. ಅವೂ ಪ್ರೋಟೀನೇ, ಕಿಣ್ವ ಎಳೆಯನ್ನೇ ಕಡಿಯುತ್ತದೆ.

ಬ್ಲೀಚ್ ಬಗ್ಗೆ ತಮಾಷೆ ಇಲ್ಲ. ಕ್ಲೋರಿನ್ ಬ್ಲೀಚಿನ ಜೊತೆ ವಿನಿಗರ್ ಆಗಲಿ, ಆಸಿಡ್ ಇರುವ ಯಾವ ಕ್ಲೀನರ್ ಆಗಲಿ ಸೇರಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಚಿಕ್ಕ ಬಚ್ಚಲುಮನೆಯಲ್ಲಿ ಅದು ಜೀವಕ್ಕೇ ಅಪಾಯ. ಎರಡನ್ನೂ ನಾನು ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿದ್ದೇನೆ.

ಬಟ್ಟೆ ಬೇಗ ಒಗೆಯುವುದಕ್ಕಿಂತ ಬಟ್ಟೆ ಕೊಳೆಯ ಬುಟ್ಟಿಗೆ ಬರುವುದನ್ನು ತಡೆಯುವುದು ಲಾಭ ಅಂತ ಗೊತ್ತಾದದ್ದು ಇತ್ತೀಚೆಗೆ. ಮಗಳಿಗೆ ಎಂಟು ವರ್ಷ. ದಿನಕ್ಕೆ ನಾಲ್ಕು ಸಲ ಬಟ್ಟೆ ಬದಲಿಸುತ್ತಾಳೆ. ಕನ್ನಡಿ ಮುಂದೆ ಹತ್ತು ನಿಮಿಷ ಹಾಕಿದ್ದೂ ಬುಟ್ಟಿಗೇ. ಬೈದರೆ ಪ್ರಯೋಜನ ಇಲ್ಲ, ಯಾಕೆಂದರೆ ಅವಳಿಗೆ ಇನ್ನೆಲ್ಲಿ ಇಡಬೇಕು ಅಂತ ನಾವು ಹೇಳಿಯೇ ಇರಲಿಲ್ಲ. ಬೀರುವಿಗೆ ಇಡುವ ಹಾಗಿಲ್ಲ, ಬುಟ್ಟಿಗೆ ಹಾಕುವಷ್ಟು ಕೊಳೆಯಾಗಿಲ್ಲ. ಪ್ರತಿಯೊಬ್ಬರಿಗೂ ಗೋಡೆಗೆ ಎರಡೆರಡು ಕೊಕ್ಕೆ ಹೊಡೆದೆ. ಒಮ್ಮೆ ಹಾಕಿದ, ಇನ್ನೊಮ್ಮೆ ಹಾಕಬಹುದಾದ ಬಟ್ಟೆ ಅಲ್ಲಿಗೆ. ಎರಡೇ ಕೊಕ್ಕೆ, ಮೂರನೆಯದು ಕೊಟ್ಟರೆ ಕುರ್ಚಿಯ ಕಥೆ ಗೋಡೆಗೆ ಏರುತ್ತದೆ. ಒಳಉಡುಪು, ಸಾಕ್ಸು ಮಾತ್ರ ಒಂದೇ ಸಲ, ಅದರಲ್ಲಿ ರಿಯಾಯಿತಿ ಇಲ್ಲ.

ಮಗನಿಗೆ ಹದಿಮೂರು. ಮಂಗಳವಾರದ ಮಷೀನ್ ಅವನೇ ಹಾಕಬೇಕು. ಮೊದಲ ವಾರ ಜೇಬಿನಲ್ಲಿ ಟಿಶ್ಯೂ ಬಿಟ್ಟು ಹಾಕಿದ. ಅವನ ಕಪ್ಪು ಪ್ಯಾಂಟುಗಳ ಮೇಲೆಲ್ಲ ಬಿಳಿ ಚೂರು. ಒಣಗಿದ ಮೇಲೆ ಕೊಡವಿ, ಬ್ರಷ್ಷಿನಲ್ಲಿ ಉಜ್ಜಿ ತೆಗೆಯಲು ಅವನಿಗೇ ಬಿಟ್ಟೆ. ಮುಕ್ಕಾಲು ಗಂಟೆ ಕೂತು ತೆಗೆದ. ಅಂದಿನಿಂದ ನಾನು ಜೇಬು ನೋಡು ಅಂತ ಹೇಳಿಲ್ಲ.

ಮಳೆ ಹಿಡಿದರೆ ಈ ವ್ಯವಸ್ಥೆ ಅಲ್ಲಾಡುತ್ತದೆ. ಹಗ್ಗ ಸಂಜೆಗೆ ಖಾಲಿಯಾಗುವುದಿಲ್ಲ. ಆಗ ಸ್ಪಿನ್ನನ್ನು ನಿಮಿಷಕ್ಕೆ 800 ಸುತ್ತಿನಿಂದ 1200ಕ್ಕೆ ಏರಿಸುತ್ತೇನೆ, ಬಟ್ಟೆಯಲ್ಲಿ ನೀರು ಕಡಿಮೆ ಉಳಿಯುತ್ತದೆ. ಮುದುರು ಜಾಸ್ತಿಯಾಗುತ್ತದೆ, ಇರಲಿ. ಒಳಗಡೆ ಒಣಗಹಾಕಿ ಫ್ಯಾನ್ ಬಿಡುತ್ತೇನೆ, ಕಿಟಕಿ ಸ್ವಲ್ಪ ತೆರೆದಿಡುತ್ತೇನೆ. ಬಟ್ಟೆ ಒಣಗಲು ಬಿಸಿಗಿಂತ ಗಾಳಿ ಆಡುವುದು ಮುಖ್ಯ. ಜೀನ್ಸನ್ನು ಒಳಮಗ್ಗುಲು ಹೊರಗೆ ಮಾಡಿ ಸೊಂಟದಿಂದ ನೇತುಹಾಕಿದರೆ ಜೇಬು ಬೇಗ ಒಣಗುತ್ತದೆ. ಅಂಗಿಗಳನ್ನು ಹಗ್ಗಕ್ಕಲ್ಲ, ನೇರವಾಗಿ ಹ್ಯಾಂಗರಿಗೇ ಹಾಕುತ್ತೇನೆ. ಎರಡು ಅಂಗಿಯ ಜಾಗದಲ್ಲಿ ಐದು ಹಿಡಿಯುತ್ತವೆ, ಒಣಗಿದ ಮೇಲೆ ಹ್ಯಾಂಗರ್ ಸಮೇತ ಬೀರುವಿಗೆ. ಇಸ್ತ್ರಿಯೂ ಹೆಚ್ಚಿನವಕ್ಕೆ ಬೇಡ.

ಇಷ್ಟೆಲ್ಲ ಆದರೂ ಸಾಕ್ಸುಗಳಿಗೆ ನನ್ನ ಬಳಿ ಉತ್ತರ ಇಲ್ಲ. ಜಾಲರಿ ಚೀಲದಲ್ಲಿ ಹಾಕಿದೆ, ಜೋಡಿ ಜೋಡಿ ಕ್ಲಿಪ್ ಮಾಡಿದೆ. ಆದರೂ ಒಂಟಿ ಸಾಕ್ಸುಗಳ ಒಂದು ಡಬ್ಬಿ ತುಂಬಿ ಕೂತಿದೆ. ಮಗಳು ತಿಂಗಳಿಗೊಮ್ಮೆ ಅದನ್ನು ನೆಲಕ್ಕೆ ಸುರಿದು ಜೋಡಿ ಹುಡುಕುತ್ತಾಳೆ. ಹೋದ ಸಲ ಹದಿನೇಳರಲ್ಲಿ ಎರಡು ಜೋಡಿ ಸಿಕ್ಕವು. ಉಳಿದ ಹದಿಮೂರನ್ನು ಎಸೆಯಲು ಹೊರಟರೆ ಅಮ್ಮ ಬಿಡಲಿಲ್ಲ. "ಇರಲಿ ಬಿಡೋ, ಇನ್ನೊಂದು ಎಲ್ಲೋ ಇರುತ್ತೆ" ಅಂದರು.