ಕತ್ತಲಲ್ಲಿ ಮಲಗಿಸಿ ಉಳಿಸಿಕೊಂಡ ಕರಿಬೇವು

ಎಲೆಯೆಲ್ಲ ಉದುರಿ ಬರೀ ಕಡ್ಡಿಯಾದ ಕರಿಬೇವಿನ ಗಿಡವನ್ನು ಫೆಬ್ರವರಿಯಲ್ಲಿ ಕಸಕ್ಕೆ ಹಾಕುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಷಿಕಾಗೋ ಸುತ್ತಮುತ್ತ ನಮ್ಮವರ ಮನೆಗಳಲ್ಲಿ ಪ್ರತಿ ವರ್ಷ ನಡೆಯುವ ಕೆಲಸ ಇದು. ನನ್ನ ದೊಡ್ಡ ಗಿಡ ಈಗ ನನಗಿಂತ ಎತ್ತರ ಇದೆ. ಹತ್ತಿರ ಹತ್ತಿರ ಹತ್ತು ಚಳಿಗಾಲ ಕಂಡಿರಬೇಕು. ಮೊದಲ ಎರಡು ಮೂರು ಕಿಟಕಿ ಪಕ್ಕ, ಆಮೇಲಿನದೆಲ್ಲ ಗರಾಜಿನ ಕತ್ತಲಲ್ಲಿ. "ಬೆಳಕೇ ಇಲ್ಲದೆ ಕರಿಬೇವು ಬದುಕುತ್ತಾ?" ಅಂತ ನಕ್ಕವರೇ ಈಗ ಮೇ ಬಂತೆಂದರೆ ಮರಿ ಗಿಡ ಕೇಳಿಕೊಂಡು ಬರುತ್ತಾರೆ. ಸ್ವಲ್ಪ ಜಂಬ ಇದೆ, ಇರಲಿ ಬಿಡಿ.

ಮೊದಲು ಎಲ್ಲರೂ ಮಾಡುವ ಹಾಗೆ ನಾನೂ ದಕ್ಷಿಣದ ಕಿಟಕಿಗೆ ಒರಗಿಸಿ ಇಟ್ಟೆ. ಡಿಸೆಂಬರಿನಲ್ಲಿ ಇಲ್ಲಿ ಹಗಲು ಒಂಬತ್ತು ಗಂಟೆ, ಅದೂ ಮೋಡ ಕವಿದ ಹಗಲು. ಮನೆಯೊಳಗೆ 70 ಡಿಗ್ರಿ ಹೀಟಿಂಗ್. (ಇಲ್ಲಿ ಡಿಗ್ರಿ ಅಂದದ್ದೆಲ್ಲ ಫ್ಯಾರನ್‌ಹೀಟ್.) ಬೆಚ್ಚಗಿದೆ, ಬೇಸಿಗೆ ಬಂತು ಅಂದುಕೊಂಡು ಗಿಡ ಚಿಗುರಲು ನೋಡುತ್ತೆ. ಬೆಳಕು ಸಾಲಲ್ಲ. ಬಿಳಿಚಿಕೊಂಡ ಉದ್ದ ಚಿಗುರು ಬರುತ್ತೆ, ವಾರದಲ್ಲಿ ಬಾಗುತ್ತೆ. ಆಮೇಲೆ ನುಸಿ. ಒಣ ಗಾಳಿಯೆಂದರೆ ನುಸಿಗೆ ಹಬ್ಬ. ಎಲೆ ತಿರುಗಿಸಿ ನೋಡಿದರೆ ಹಿಂದೆಲ್ಲ ಸಣ್ಣ ಚುಕ್ಕಿ, ತೊಟ್ಟಿನ ಸಂದಿಯಲ್ಲಿ ಎಳೆ ಎಳೆ ಬಲೆ. ಕಾಂಡದ ಮೇಲೆ ಕಂದು ಗುಬುಟು. ಉಗುರಿನಲ್ಲಿ ಎತ್ತಿದರೆ ಅಂಟು ಅಂಟು. ಅದು ಸ್ಕೇಲ್ ಹುಳ.

ಸೋಲಬಾರದು ಅಂತ ದುಡ್ಡು ಸುರಿದೆ. ಗ್ರೋ ಲೈಟಿಗೆ ನೂರಿಪ್ಪತ್ತು ಡಾಲರ್, ಹ್ಯುಮಿಡಿಫೈಯರ್‌ಗೆ ಅರವತ್ತು, ಬೇವಿನೆಣ್ಣೆ, ಸೋಪು, ಟೈಮರ್ ಅಂತ ಇನ್ನೊಂದು ನಲವತ್ತು. ಕರೆಂಟ್ ಬಿಲ್ಲಿಗೆ ತಿಂಗಳಿಗೆ ಆರೇಳು ಡಾಲರ್ ಸೇರಿಕೊಂಡಿತು. ಲಿವಿಂಗ್ ರೂಮಿನಲ್ಲಿ ರಾತ್ರಿ ಹತ್ತರವರೆಗೂ ನೇರಳೆ ಬೆಳಕು. ಬಂದವರೆಲ್ಲ ಏನೋ ಪೂಜೆ ಇರಬೇಕು ಅಂದುಕೊಂಡರು. ಇಷ್ಟಾದ ಮೇಲೂ ಏಪ್ರಿಲ್ ಹೊತ್ತಿಗೆ ಒಂದು ಗಿಡ ಹೋಯಿತು, ಇನ್ನೊಂದು ನರಳುತ್ತಾ ಉಳಿಯಿತು. ಇಂಡಿಯನ್ ಅಂಗಡಿಯಲ್ಲಿ ಎರಡು ಡಾಲರಿಗೆ ಒಂದು ಕಟ್ಟು ಸಿಗುತ್ತಲ್ಲ ಅಂತ ನಮ್ಮ ಮನೆಯವರು ಲೆಕ್ಕ ಹೇಳಿದರು. ಲೆಕ್ಕ ಸರಿಯಾಗೇ ಇತ್ತು.

ಆದರೆ ಹೊಸ ಗಿಡ ತರೋದೂ ಸುಲಭ ಅಲ್ಲ. ಗೇಣುದ್ದದ ಸಸಿಗೆ ಮೂವತ್ತು ನಲವತ್ತು ಡಾಲರ್ ಕೇಳುತ್ತಾರೆ. ಫ್ಲೋರಿಡಾದಂಥ ಕಡೆಯಿಂದ ಕಾರಿನಲ್ಲಿ ಸುಮ್ನೆ ಹಾಕಿಕೊಂಡು ಬರುವ ಹಾಗಿಲ್ಲ. ಕಿತ್ತಳೆ, ನಿಂಬೆ ಗಿಡಗಳನ್ನು ಕೊಲ್ಲುವ ಸಿಟ್ರಸ್ ಗ್ರೀನಿಂಗ್ ರೋಗ ಹರಡುವ ಪುಟ್ಟ ಹುಳ ಕರಿಬೇವಿನ ಮೇಲೂ ಕೂರುತ್ತೆ. ಊರಿಂದ ಸೂಟ್‌ಕೇಸಿನಲ್ಲಿ ತಂದ ಹಸಿ ಎಲೆಯನ್ನು ಏರ್‌ಪೋರ್ಟಿನಲ್ಲಿ ಕಿತ್ತುಕೊಳ್ಳುವುದೂ ಅದಕ್ಕೇ. ಹಾಗಾಗಿ ಇರುವ ಗಿಡ ಉಳಿಸಿಕೊಳ್ಳಲೇಬೇಕಿತ್ತು.

ನಾನು ಮಾಡಿದ್ದು ಇಷ್ಟೇ: ಎಬ್ಬಿಸಿ ಇಡುವುದನ್ನು ಬಿಟ್ಟು ಮಲಗಿಸಿಬಿಟ್ಟೆ. ಅಂದರೆ ಚಳಿಗಾಲವೆಲ್ಲ ಚಿಗುರದೆ ನಿದ್ದೆ ಮಾಡಲು ಬಿಟ್ಟೆ.

ನಮ್ಮಲ್ಲಿ ಮೊದಲ ಫ್ರಾಸ್ಟ್ (ಹೆಪ್ಪುಗಟ್ಟಿದ ಇಬ್ಬನಿ) ಬೀಳುವುದು ಅಕ್ಟೋಬರ್ ಮಧ್ಯದ ಸುಮಾರಿಗೆ. ಎಲ್ಲರೂ ಸೆಪ್ಟೆಂಬರಿನಲ್ಲೇ ಗಾಬರಿಯಾಗಿ ಕುಂಡ ಒಳಗೆ ತರುತ್ತಾರೆ. ನಾನು ತರಲ್ಲ. ರಾತ್ರಿ 45, 40 ಅಂತ ಇಳಿಯುವುದನ್ನು ಗಿಡಕ್ಕೂ ತೋರಿಸುತ್ತೇನೆ. ಎಲೆ ಹಳದಿಯಾಗಲು ಶುರುವಾದರೆ ಅದು ಮಲಗಲು ತಯಾರು. ಆ ಹೊತ್ತಿಗೆ ಹಸಿರಿರುವ ಎಲೆಯನ್ನೆಲ್ಲ ಕಿತ್ತುಬಿಡುತ್ತೇನೆ. ಅರ್ಧ ಫ್ರೀಜರಿಗೆ, ಅರ್ಧ ಚಟ್ನಿಪುಡಿಗೆ. ದೊಡ್ಡ ಗಿಡದಿಂದ ಎರಡು ಪೌಂಡ್ ಮೇಲೇ ಸಿಗುತ್ತೆ. ಎಲೆ ಇಲ್ಲದಿದ್ದರೆ ಹುಳಕ್ಕೆ ಕೂರಲು ಜಾಗವೂ ಇಲ್ಲ. ಬೋಳು ಕಾಂಡವನ್ನು ಸೋಪುನೀರಿನಲ್ಲಿ ಹಳೇ ಟೂತ್‌ಬ್ರಷ್ ಹಿಡಿದು ಉಜ್ಜುತ್ತೇನೆ. ಹತ್ತು ನಿಮಿಷದ ಕೆಲಸ.

ಆಮೇಲೆ ಗರಾಜಿಗೆ. ಮನೆಗೆ ಅಂಟಿಕೊಂಡಿರುವ ಗರಾಜ್ ಆಗಿರಬೇಕು. ಅಡುಗೆಮನೆ ಗೋಡೆ ಆಚೆಯ ಮೂಲೆ ನಮ್ಮಲ್ಲಿ 40ರಿಂದ 48ರ ಒಳಗೆ ನಿಲ್ಲುತ್ತೆ. ದೊಡ್ಡ ಬಾಗಿಲ ಹತ್ತಿರ ಇಟ್ಟರೆ ಕೆಟ್ಟಿರಿ. ಕುಂಡದ ಕೆಳಗೆ ಎರಡಿಂಚು ಥರ್ಮಾಕೋಲ್ ಹಾಕಿ. ಕಾಂಕ್ರೀಟ್ ನೆಲದ ಚಳಿ ಬೇರಿಗೆ ಹೋಗಬಾರದು. ನಾನು ಮೊದಲ ವರ್ಷ ಮಲಗಿಸಿದ್ದು ಒಂದೇ ಗಿಡ. ಪಕ್ಕದ ಬೀದಿಯ ತಮಿಳು ಮಾಮಿ ಬಂದು ನೋಡಿ, "ಇದು ಹೋಯ್ತು ಕಣಮ್ಮ, ಯಾಕೆ ಜಾಗ ಹಾಳು?" ಅಂದರು. ನೋಡಲು ಪೊರಕೆಕಡ್ಡಿ ನಿಲ್ಲಿಸಿದ ಹಾಗೇ ಇತ್ತು. ನಾನು ಉಗುರಿನಲ್ಲಿ ತೊಗಟೆ ಒಂಚೂರು ಕೆರೆದು ತೋರಿಸಿದೆ. ಒಳಗೆ ಹೆಸರುಕಾಳಿನ ಹಸಿರು. ಆದರೂ ಅವರು ನಂಬಲಿಲ್ಲ.

ಇದರಲ್ಲಿ ಎಲ್ಲರೂ ಎಡವುವುದು ನೀರಿನಲ್ಲಿ. ಎಲೆ ಇಲ್ಲದ ಗಿಡ ನೀರು ಕುಡಿಯಲ್ಲ. ತಣ್ಣಗಿನ ಒದ್ದೆ ಮಣ್ಣಿನಲ್ಲಿ ಬೇರು ಕೊಳೆಯುತ್ತೆ. ಚಳಿಗೆ ಸತ್ತದ್ದಕ್ಕಿಂತ ನೀರಿಗೆ ಸತ್ತದ್ದೇ ಜಾಸ್ತಿ. ನಾನು ಕುಂಡವನ್ನು ಒಂದು ಕಡೆ ಓರೆಮಾಡಿ ಭಾರ ನೋಡುತ್ತೇನೆ. ಹಗುರ ಅನಿಸಿದರೆ ಹತ್ತು ಗ್ಯಾಲನ್ ಕುಂಡಕ್ಕೆ ಎರಡು ಲೋಟ ನೀರು. ತಿಂಗಳಿಗೊಂದು ಸಲ ಬಂದರೆ ಹೆಚ್ಚು. ಮಣ್ಣಿನ ಮಿಶ್ರಣವೂ ಮುಖ್ಯ. ಮರಳು ಜಾಸ್ತಿ ಇರಲಿ ಅಂತಷ್ಟೇ ಹೇಳುತ್ತೇನೆ. ಉಳಿದ ಎರಡು ಸಾಮಾನು ನನ್ನ ಹತ್ತಿರವೇ ಇರಲಿ.

2019ರ ಜನವರಿ 30 ಇಲ್ಲಿದ್ದವರಿಗೆಲ್ಲ ನೆನಪಿರುತ್ತೆ. ಷಿಕಾಗೋದ ಓಹೇರ್ ಏರ್‌ಪೋರ್ಟಿನಲ್ಲಿ ಮೈನಸ್ 23. ಗರಾಜಿನೊಳಗೂ ಇಳಿಯುತ್ತಾ ಇಳಿಯುತ್ತಾ 30ರ ಹತ್ತಿರ ಹೋಯಿತು. ಕುಂಡಗಳಿಗೆ ಹಳೇ ರಜಾಯಿ ಸುತ್ತಿ, ಚಿಕ್ಕ ಹೀಟರ್ ಹಾಕಿದೆವು. ಕಾರು ಹೊರಗೆ, ಗಿಡ ಒಳಗೆ. ಅದರ ಬಗ್ಗೆ ಮನೆಯಲ್ಲಿ ಈಗಲೂ ಮಾತಿದೆ. ಆ ವರ್ಷ ಒಂದು ಗಿಡದ ಮೇಲಿನ ಒಂದಡಿ ಒಣಗಿತು, ಆದರೆ ಬುಡದಿಂದ ನಾಲ್ಕು ಕಡೆ ಚಿಗುರಿ ಮೊದಲಿಗಿಂತ ದಟ್ಟವಾಯಿತು. ಆಮೇಲೆ 35ಕ್ಕೆ ಇಳಿದರೆ ತಾನೇ ಆನ್ ಆಗಿ 45ಕ್ಕೆ ಆಫ್ ಆಗುವ ಪ್ಲಗ್ ತಂದೆ, ಹದಿನೈದು ಡಾಲರ್ ಇರಬೇಕು. ಹೀಟರಿಗೆ ಒಂದಿಪ್ಪತ್ತೈದು. ಈ ಪದ್ಧತಿಗೆ ನಾನು ಹಾಕಿದ ಬಂಡವಾಳ ಅಷ್ಟೇ. ಚಳಿಗಾಲವೆಲ್ಲ ಸೇರಿ ಕರೆಂಟಿಗೆ ಐದಾರು ಡಾಲರ್ ದಾಟಿಲ್ಲ.

ಇದು ಸರಿಹೋದ ಮೇಲೆ ಕೈ ಸುಮ್ಮನಿರಬೇಕಲ್ಲ. ಸಿಕ್ಕ ಸಿಕ್ಕದ್ದನ್ನೆಲ್ಲ ಮಲಗಿಸಿ ನೋಡಿದೆ. ದುಂಡುಮಲ್ಲಿಗೆಗೆ ಕತ್ತಲು ಆಗಿಬರಲಿಲ್ಲ. ಅರ್ಧ ಕೊಂಬೆ ಒಣಗಿ, ಆಗಸ್ಟ್‌ವರೆಗೂ ಹೂ ಬಿಡಲಿಲ್ಲ. ಅದು ಈಗ ತಣ್ಣಗಿನ ಗೆಸ್ಟ್ ರೂಮಿನ ಕಿಟಕಿಯಲ್ಲಿದೆ. ಕನಕಾಂಬರ ಒಂದೇ ವಾರಕ್ಕೆ ಕಪ್ಪಾಯಿತು. ದೊಡ್ಡಪತ್ರೆಗೆ ಇಷ್ಟೆಲ್ಲ ಬೇಡ, ಒಂದು ಕಡ್ಡಿ ಮುರಿದು ಲೋಟದಲ್ಲಿಟ್ಟರೆ ಸಾಕು. ಸುಗಂಧರಾಜದ ಗೆಡ್ಡೆಗೆ ಚಳಿ ತಾಗಬಾರದು. ಗರಾಜಿನಲ್ಲಿಟ್ಟ ವರ್ಷ ಬರೀ ಎಲೆ. ಬಟ್ಟೆ ಬೀರುವಿನ ತಳದಲ್ಲಿ ಪೇಪರ್ ಸುತ್ತಿಟ್ಟ ವರ್ಷ ಕಡ್ಡಿ ಕಡ್ಡಿಗೂ ಹೂ. ಕೆಸುವಿನ ಗೆಡ್ಡೆಯನ್ನು ಎಲೆ ಕರಗಿದ ಮೇಲೆ ಅಗೆದು, ಒಂದು ವಾರ ಆರಿಸಿ, ರಟ್ಟಿನ ಡಬ್ಬದಲ್ಲಿ ಬೇಸ್‌ಮೆಂಟಿಗೆ ಹಾಕುತ್ತೇನೆ. ಗೌರಿ ಗಣೇಶದ ಹೊತ್ತಿಗೆ ಪತ್ರೊಡೆಗೆ ಬೇಕಾದಷ್ಟು ಎಲೆ.

ಮಜಾ ಬಂದದ್ದು ಬಾಳೆಯಲ್ಲಿ. ಗಿಡ ಕಿತ್ತು, ಮಣ್ಣು ಕೊಡವಿ, ಎಲೆ ಕತ್ತರಿಸಿ, ಹಳೇ ಬೆಡ್‌ಶೀಟ್ ಸುತ್ತಿ ಬೇಸ್‌ಮೆಂಟ್ ಮೂಲೆಯಲ್ಲಿ ಮಲಗಿಸಿದೆ. ವಾಟರ್ ಹೀಟರ್ ನೋಡಲು ಬಂದ ಪ್ಲಂಬರ್ ಅದನ್ನು ಕಂಡು ಎರಡು ಹೆಜ್ಜೆ ಹಿಂದೆ ಹೋದ. ಮೇನಲ್ಲಿ ನೆಟ್ಟರೆ ಹತ್ತೇ ದಿನದಲ್ಲಿ ಸುಳಿ ಬಂತು. ಹಣ್ಣು ಬಿಡುವಷ್ಟು ಬೇಸಿಗೆ ಇಲ್ಲಿಲ್ಲ, ಆದರೆ ಹಬ್ಬದೂಟಕ್ಕೆ ಎಲೆಗೆ ಕೊರತೆಯಿಲ್ಲ.

ಕರಿಬೇವಿಗೆ ಹುಳಿ ಮಜ್ಜಿಗೆ ಹಾಕ್ತೀರಾ ಅಂತ ಎಲ್ಲರೂ ಕೇಳುತ್ತಾರೆ. ಒಂದು ಬೇಸಿಗೆ ಒಂದು ಗಿಡಕ್ಕೆ ಹಾಕಿ, ಇನ್ನೊಂದಕ್ಕೆ ಹಾಕದೆ ನೋಡಿದೆ. ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ರ‍್ಯಾಕೂನ್ ಮಾತ್ರ ಬಂದು ಮಜ್ಜಿಗೆ ಕುಂಡವನ್ನೇ ಕೆದಕಿತು. ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದಂಶ ಕೊಡಿ, ಮಜ್ಜಿಗೆಯನ್ನು ನೀವೇ ಕುಡಿಯಿರಿ.

ಎಬ್ಬಿಸುವುದು ಮಾರ್ಚ್ ಕೊನೆಗೆ. ತುದಿಗಳನ್ನು ಹಸಿರು ಸಿಗುವವರೆಗೂ ಕತ್ತರಿಸಿ, ಕುಂಡವನ್ನು ಬೆಚ್ಚಗಿನ ಕಿಟಕಿಗೆ ತಂದು, ಉಗುರುಬೆಚ್ಚನೆ ನೀರು ಹಾಕಿ. ಆ ಮೊದಲ ನೀರಿಗೆ ನಾನು ಏನು ಬೆರೆಸುತ್ತೇನೆ ಅನ್ನುವುದನ್ನು ಮಾಮಿಗೂ ಹೇಳಿಲ್ಲ. ಮೂರ್ನಾಲ್ಕು ವಾರ ಏನೂ ಕಾಣಲ್ಲ. ಅಲ್ಲಿಯವರೆಗೆ ಮತ್ತೆ ಮತ್ತೆ ನೀರು ಹಾಕಬೇಡಿ. ಹೊರಗೆ ಇಡುವುದು ಮದರ್ಸ್ ಡೇ (ಮೇ ತಿಂಗಳ ಎರಡನೇ ಭಾನುವಾರ) ಆದ ಮೇಲೆ, ಅದೂ ಮೊದಲ ವಾರ ನೆರಳಲ್ಲಿ. ನೇರ ಬಿಸಿಲಿಗಿಟ್ಟರೆ ಎಳೆ ಎಲೆ ಸುಟ್ಟು ಬೆಳ್ಳಗಾಗುತ್ತೆ.

ಪೆನ್ಸಿಲ್ ದಪ್ಪ ಇಲ್ಲದ ಎಳೆ ಗಿಡಕ್ಕೆ ಇದನ್ನು ಮಾಡಬೇಡಿ. ಅದರಲ್ಲಿ ದಾಸ್ತಾನು ಇರಲ್ಲ, ಏಳಲ್ಲ. ಮೊದಲ ಎರಡು ಚಳಿಗಾಲ ನುಸಿಯ ಜೊತೆ ಗುದ್ದಾಡಿಯೇ ಆಗಬೇಕು. ಲೈಟ್ ಬೇಕಾದವರು ಕೇಳಿ, ನನ್ನದು ಅಟ್ಟದಲ್ಲಿ ಬಿದ್ದಿದೆ, ಅರ್ಧ ಬೆಲೆಗೆ ಕೊಡುತ್ತೇನೆ.